ಒಂದೇ ಬಾಯಿಯ ಪದ

ನಾನು ಅವರಿಗೆ ಆಡಿದ ಮೊದಲ ಮಾತು, "ಏಯ್, ಆ ಟ್ರಂಕ್ ಸ್ವಲ್ಪ ಇಳಿಸಪ್ಪಾ."

ಸಾವಿರದ ಒಂಬೈನೂರ ನಲವತ್ತಮೂರರ ದೀಪಾವಳಿ ಕಳೆದ ವಾರ ಅದು. ಯುದ್ಧದ ಕಾಲ, ಪೆಟ್ರೋಲ್ ಇಲ್ಲದೆ ಬಸ್ಸುಗಳೆಲ್ಲ ಇದ್ದಿಲ ಗ್ಯಾಸಿನಲ್ಲಿ ಓಡುತ್ತಿದ್ದವು. ಓಡುತ್ತಿದ್ದವು ಅನ್ನುವುದು ದೊಡ್ಡ ಮಾತು. ಏರು ಬಂದಲ್ಲೆಲ್ಲ ಗಂಡಸರು ಇಳಿದು ತಳ್ಳುತ್ತಿದ್ದರು. ಬಸ್ಸಿನ ಬೆನ್ನಿಗಿದ್ದ ಒಲೆಗೆ ಗಾಳಿ ಊದುವ ಚಕ್ರವನ್ನು ಯಾರಾದರೂ ತಿರುಗಿಸಬೇಕಿತ್ತು. ನಾನು ನರಸಿಂಹರಾಜಪುರದಲ್ಲಿ ಅಪ್ಪನ ಮನೆಯ ಹಬ್ಬ ಮುಗಿಸಿ ಕೊಪ್ಪಕ್ಕೆ ವಾಪಸು ಹೊರಟಿದ್ದೆ. ಕೊಪ್ಪದ ಹೆಣ್ಣುಮಕ್ಕಳ ಶಾಲೆಯಲ್ಲಿ ನಾನು ಟೀಚರು, ಇದ್ದದ್ದು ಸೋದರಮಾವನ ಮನೆಯಲ್ಲಿ.

ಕೊಪ್ಪದಲ್ಲಿ ಇಳಿದಾಗ ಒಲೆಯ ಪಕ್ಕ ಒಬ್ಬ ನಿಂತಿದ್ದ. ಮುಖ, ಕೈ, ಅಂಗಿ ಎಲ್ಲ ಮಸಿ. ಬಸ್ಸಿನವನೇ ಇರಬೇಕೆಂದು ನಾನು ಹುಕುಂ ಕೊಟ್ಟೆ. ಅವನು ಒಂದು ಗಳಿಗೆ ನನ್ನನ್ನು ನೋಡಿ, ಟ್ರಂಕನ್ನು ಇಳಿಸಿ ತಲೆಯ ಮೇಲಿಟ್ಟುಕೊಂಡು, "ಯಾರ ಮನೆಗೆ?" ಎಂದ.

"ಮರುಳಸಿದ್ದಪ್ಪ ಮೇಷ್ಟ್ರ ಮನೆಗೆ. ಹಿಂದೆ ಬಾ."

ಮನೆ ತಲುಪಿದ ಮೇಲೆ ಜಗಲಿಯಲ್ಲಿ ಟ್ರಂಕ್ ಇಳಿಸಿ, ನಾನು ತಂದುಕೊಟ್ಟ ಬೆಲ್ಲ ನೀರನ್ನು ಗಟಗಟ ಕುಡಿದ. ಆಮೇಲೆ ಟವೆಲಿನಿಂದ ಮುಖ ಒರೆಸಿಕೊಂಡು ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡ. ಇದ್ದಿಲು ಹಾಕುವವನಿಗೆ ಚಿನ್ನದ ಬಣ್ಣದ ಕಟ್ಟಿನ ಕನ್ನಡಕ ಎಲ್ಲಿಂದ ಬಂತು?

ಒಳಗಿನಿಂದ ಮಾವ ಬಂದರು. "ಯಾರು? ಓಹೋ, ಕಲ್ಲೇಶಪ್ಪ ಅಲ್ವಾ! ಮೈಸೂರಿಂದ ಕಾಗದ ಬಂದಿತ್ತು. ಎಂತ ಮಾರಾಯ ಈ ಅವತಾರ?"

"ಆ ಒಲೆಯ ಒಂದೊಂದು ಭಾಗಕ್ಕೂ ಏನೇನು ಹೆಸರು ಅಂತ ಕೇಳುತ್ತಾ ಕೂತೆ ಸಾರ್. ಕೇಳಿದವನೇ ತಿರುಗಿಸು ಅಂತ ಚಕ್ರ ಕೈಗೆ ಕೊಟ್ಟರು." ಆಮೇಲೆ ನನ್ನ ಕಡೆ ನೋಡದೆ, "ಇವರು ದಾರಿ ತೋರಿಸಿದ್ದರಿಂದ ನಿಮ್ಮ ಮನೆ ಹುಡುಕುವ ಕೆಲಸ ತಪ್ಪಿತು" ಎಂದರು.

ನಾನು ಅಡಿಗೆಮನೆಗೆ ಓಡಿದೆ. ಅತ್ತೆ ಅನ್ನಪೂರ್ಣಮ್ಮ ಕತೆ ಕೇಳಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. "ಎಂ.ಎ. ಓದಿದವರ ತಲೆ ಮೇಲೆ ಟ್ರಂಕ್ ಹೊರಿಸ್ದೆ ಅಲ್ವೇನೇ ನೀಲಾ! ಅವರ ವಿದ್ಯೆಗೆ ಇಷ್ಟು ತೂಕ ಯಾರೂ ಕೊಟ್ಟಿರಲಿಲ್ಲ ಬಿಡು."

ಅವತ್ತಿನಿಂದ ನಮ್ಮ ಮನೆಯಲ್ಲಿ ಅವರ ಹೆಸರು 'ಎಂ.ಎ.' ಎಂದೇ ಆಯಿತು.

ಎಂ.ಎ. ಬಂದದ್ದು ಒಂದು ದೊಡ್ಡ ಕೆಲಸದ ಮೇಲೆ. ಮೈಸೂರಿನಲ್ಲಿ ಕೆಲವು ವಿದ್ವಾಂಸರು ಸೇರಿ 'ಸಮಾಜಕೋಶ' ಎಂಬ ಗ್ರಂಥ ಹೊರಡಿಸುವವರಿದ್ದರು. ಕನ್ನಡ ನಾಡಿನಲ್ಲಿ ಜನ ಹುಟ್ಟಿದಾಗ, ಮದುವೆಯಾದಾಗ, ಜಗಳವಾಡಿದಾಗ, ಸತ್ತಾಗ ಏನೇನು ಮಾಡುತ್ತಾರೆ, ಅದಕ್ಕೆ ಎಲ್ಲೆಲ್ಲಿ ಏನೇನು ಪದ ಎಂಬುದೆಲ್ಲ ಅಕಾರಾದಿಯಾಗಿ ಅದರಲ್ಲಿ ಬರಬೇಕು. ಸಮಾಜಶಾಸ್ತ್ರ ಓದಿದ್ದ ಇವರು ಉಪಸಂಪಾದಕರು. ಹುದ್ದೆ ತಾತ್ಕಾಲಿಕ. ಅ ದಿಂದ ಔ ವರೆಗಿನ ಮೊದಲ ಸಂಪುಟ ಚೆನ್ನಾಗಿ ಬಂದರೆ ಕಾಲೇಜಿನಲ್ಲಿ ಅಧ್ಯಾಪಕರ ಕೆಲಸಕ್ಕೆ ಪ್ರಧಾನ ಸಂಪಾದಕರೇ ಶಿಫಾರಸು ಮಾಡುತ್ತಾರೆ ಎಂದು ಮಾತಾಗಿತ್ತು. ಇದನ್ನು ಅವರು ಮಾವನಿಗೆ ಊಟದ ಹೊತ್ತಿನಲ್ಲಿ ಹೇಳಿದ್ದು, ನಾನು ಬಾಗಿಲ ಮರೆಯಲ್ಲಿ ಕೇಳಿಸಿಕೊಂಡದ್ದು.

ಅವರ ಕೆಲಸದ ಕ್ರಮ ನೋಡಲು ಚೆಂದ. ಒಂದು ಪದಕ್ಕೆ ಒಂದು ಚೀಟಿ. ಮೇಲೆ ಪದ, ಕೆಳಗೆ ಅರ್ಥ, ಕೊನೆಯಲ್ಲಿ 'ಹೇಳಿದವರು' ಎಂದು ಬರೆದು ಹೆಸರು, ಊರು. ಒಬ್ಬರು ಹೇಳಿದರೆ ಆ ಚೀಟಿ ಹಸಿ. ಬೇರೆ ಊರಿನ ಇನ್ನೊಬ್ಬರು ಅದನ್ನೇ ಹೇಳಬೇಕು, ಆಗ ಮಾತ್ರ ದಾರ ಪೋಣಿಸಿ ಕಟ್ಟಿಗೆ ಸೇರಿಸುವುದು. "ಎರಡು ಊರು, ಎರಡು ಬಾಯಿ" ಎನ್ನುತ್ತಿದ್ದರು. ಮಾವ ಹೇಳಿದ ಪದಗಳನ್ನೂ ಕಡಹಿನಬೈಲಿನವರೆಗೆ ನಡೆದು ಹೋಗಿ ಕೇಳಿಕೊಂಡು ಬಂದಿದ್ದರು. ಮಾವನಿಗೆ ಸ್ವಲ್ಪ ಕೋಪವೂ ಬಂದಿತ್ತು.

ಆದರೆ ಹೆಂಗಸರ ಪದ ಸಿಗುತ್ತಿರಲಿಲ್ಲ. ಇವರು ಜಗಲಿ ಹತ್ತಿದರೆ ಸಾಕು, ಮನೆಯ ಹೆಂಗಸರೆಲ್ಲ ಹಿತ್ತಲಿಗೆ ಹೋಗಿಬಿಡುತ್ತಿದ್ದರು. ಅದರ ಮೇಲೆ ಅವರ ಬಳಿ ಒಂದು ಪಟ್ಟಿ ಇತ್ತು. ಮನೆಯಲ್ಲಿ ಮದುವೆಯಾಗದ ಹೆಣ್ಣುಮಕ್ಕಳೆಷ್ಟು, ವಯಸ್ಸೆಷ್ಟು, ಓದು ಬರಹ ಇದೆಯೇ ಎಂದು ಕೇಳಿ ಬರೆದುಕೊಳ್ಳಬೇಕು. ಅದನ್ನು ಕೇಳಿದ ಮನೆಗಳಲ್ಲೆಲ್ಲ ಇವರಿಗೆ ಸಜ್ಜಿಗೆ ಮಾಡಿ ಬಡಿಸಿದರು. ಒಂದು ಮನೆಯಲ್ಲಿ ಹುಡುಗಿಗೆ ಜರಿ ಸೀರೆ ಉಡಿಸಿ ತಂದು ಕೂರಿಸಿಯೂ ಬಿಟ್ಟರು.

"ಹೀಗೇ ಆದರೆ ಈ ಮಾಣಿ ಪುಸ್ತಕ ಮುಗಿಯೋದರೊಳಗೆ ನಾಕು ಮದುವೆ ಆಗ್ತಾನೆ" ಎಂದು ಮಾವನೇ ಒಂದು ಉಪಾಯ ಮಾಡಿದರು. ಶನಿವಾರ ಮಧ್ಯಾಹ್ನ, ಭಾನುವಾರ ನಾನೂ ಜೊತೆಗೆ ಹೋಗುವುದು. ನಾನು ಒಳಗೆ ಹೆಂಗಸರನ್ನು ಕೇಳುವುದು, ಅವರು ಹೊರಗೆ ಕೂತು ಬರೆಯುವುದು. ಮಾವ ಕಾವಲಿಗೆ.

ಹೀಗೆ ಶುರುವಾಯಿತು. ನಾನು ಒಲೆಯ ಮುಂದೆ ಕೂತು ಪದ ಕೇಳುತ್ತಿದ್ದೆ, ಕಿಟಕಿಯ ಸಲಾಕೆಯ ಹತ್ತಿರ ಬಂದು ಹೇಳುತ್ತಿದ್ದೆ. ಆಚೆ ಬದಿಗೆ ಅವರ ಬಗ್ಗಿದ ತಲೆ, ಮಸಿ ಹತ್ತಿದ ಬೆರಳು. ಬರೆದು ಮುಗಿಸಿ ಒಮ್ಮೆ ತಲೆಯೆತ್ತುತ್ತಿದ್ದರು. ಆ ಒಂದು ನೋಟಕ್ಕಾಗಿ ನಾನು ಒಳಗೆ ಹೋಗಿ ಬೇಗ ಬೇಗ ಇನ್ನೊಂದು ಪದ ಹುಡುಕಿ ತರುತ್ತಿದ್ದೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ಸಮಾಜಶಾಸ್ತ್ರಕ್ಕೆ ನಾನು ಅಷ್ಟು ದುಡಿದದ್ದು ಸಮಾಜಶಾಸ್ತ್ರಕ್ಕಾಗಿ ಅಲ್ಲ.

"ನೀಲಾಂಬಿಕೆಯವರೇ, 'ಒಗ್ಗರಣೆ ಮಾತು' ಅಂದರೆ?"

"ಇದ್ದ ಸುದ್ದಿಗೆ ಸ್ವಲ್ಪ ಸಾಸಿವೆ ಹಾಕಿ ಹೇಳೋದು."

"ಉದಾಹರಣೆ ಕೊಡಿ."

"ಮೈಸೂರಿನವರು ಹೆಣ್ಣು ನೋಡೋಕೆ ಬಂದಿದ್ದಾರೆ ಅಂತ ಕೊಪ್ಪದವರು ಮಾತಾಡ್ತಾರಲ್ಲ, ಅದು."

ಅವರು ಬರೆದುಕೊಂಡರು. ಬರೆದ ಮೇಲೆ ಮೆಲ್ಲಗೆ, "ಅದರಲ್ಲಿ ಸಾಸಿವೆ ಎಷ್ಟು, ಸುದ್ದಿ ಎಷ್ಟು ಅಂತ ಇನ್ನೂ ಗೊತ್ತಾಗಿಲ್ಲ" ಎಂದರು. ನಾನು ಕಿಟಕಿಯಿಂದ ಸರಿದು ಗೋಡೆಗೆ ಒರಗಿ ನಿಂತೆ. ಒಳಗಿದ್ದ ಅಜ್ಜಿಯೊಬ್ಬಳು, "ಎಂತ ಆಯ್ತೆ ಹುಡ್ಗಿ, ಹೊಗೆ ಹೊಡೀತಾ?" ಎಂದು ಕೇಳಿದಳು. ಹೌದು ಅಂದೆ.

ಎಡವಿದ್ದು ಬೇಗಾರು ಎಂಬ ಹಳ್ಳಿಯಲ್ಲಿ. ಅವತ್ತು ನಾವು ಹೋದ ಮನೆಯಲ್ಲಿ ಒಳಗೆ ಹೆಂಗಸರ ಹಾಡು ನಡೆಯುತ್ತಿತ್ತು. ಜಗಲಿಯ ಮೇಲೆ ಮಾವ, ಮನೆಯ ಯಜಮಾನರು, ನೆಂಟರು ಎಲ್ಲ ಸೇರಿ ಏಳೆಂಟು ಮಂದಿ ಗಂಡಸರು. ಎಂ.ಎ. ಕಿವಿ ನಿಮಿರಿಸಿ ಕೂತಿದ್ದರು. ನಾನು ಬಾಗಿಲಿಗೆ ಬಂದದ್ದೇ ತಡ, ಎಲ್ಲರೆದುರು ಗಟ್ಟಿಯಾಗಿ ಕೇಳಿದರು:

"ಇದು ಒಸಗೆ ಹಾಡಂತೆ! ಒಸಗೆ ಅಂದರೆ ಏನು ನೀಲಾಂಬಿಕೆಯವರೇ?"

ಹುಡುಗಿ ದೊಡ್ಡವಳಾದಾಗ ಮಾಡುವ ಶಾಸ್ತ್ರ ಒಸಗೆ. ನಮ್ಮ ಕಡೆಯ ಮೂರು ವರ್ಷದ ಮಗುವಿಗೂ ಗೊತ್ತು. ಗೊತ್ತಿರುವುದು ಬೇರೆ, ಏಳೆಂಟು ಗಂಡಸರ ಮುಂದೆ, ಮದುವೆಯಾಗದ ನಾನು, ಈ ಮನುಷ್ಯನ ಮುಖ ನೋಡಿಕೊಂಡು ಹೇಳುವುದು ಬೇರೆ. ಜಗಲಿಯ ಗಂಡಸರೆಲ್ಲ ಒಟ್ಟಿಗೆ ಮಾಡಿನ ಕಡೆ ನೋಡತೊಡಗಿದರು. ಮಾವ ಎಲೆ ಉಗುಳುವ ನೆವದಲ್ಲಿ ಅಂಗಳಕ್ಕೆ ಇಳಿದರು. ನನ್ನ ಮುಖಕ್ಕೆ ರಕ್ತವೆಲ್ಲ ಏರಿತು.

"ಅದು... ಹೊಸ ಅಕ್ಕಿ ಊಟ" ಅಂದುಬಿಟ್ಟೆ.

"ಹೊಸ ಅಕ್ಕಿ!" ಅವರ ಕಣ್ಣು ಬೆಳಗಿತು. "ಹೊಸಗೆ, ಒಸಗೆ! ಹಕಾರ ಬಿದ್ದುಹೋಗಿದೆ, ನೋಡಿದಿರಾ? ಎಂಥ ಪದ! ಮುಂದಿನ ಸಲ ನಿಮ್ಮ ಕಡೆ ಒಸಗೆ ಆದಾಗ ನನ್ನನ್ನು ಊಟಕ್ಕೆ ಕರೆಯಲೇಬೇಕು."

ಒಳಗೆ ಹಾಡು ನಿಂತಿತು. ಆಮೇಲೆ ಹತ್ತು ಹನ್ನೆರಡು ಹೆಂಗಸರು ಒಮ್ಮೆಗೇ ನಕ್ಕ ಸದ್ದು. ಎಂ.ಎ. ಅದನ್ನು ಹಳ್ಳಿಯವರ ಸಂತೋಷ ಎಂದುಕೊಂಡು ತಾವೂ ನಕ್ಕರು. ಆ ನಗುಮುಖ ನೋಡಿ ನನಗೆ ಅಳು ಬರುವಂತಾಯಿತು.

ಆಮೇಲೆ ಸರಿಪಡಿಸೋಣ ಎಂದುಕೊಂಡೆ. ಹೇಗೂ ಎರಡನೇ ಬಾಯಿ ಕೇಳುತ್ತಾರೆ, ಯಾರಾದರೂ ಗಂಡಸರು ಏಕಾಂತದಲ್ಲಿ ತಿಳಿಸುತ್ತಾರೆ ಎಂದು ಧೈರ್ಯ ತಂದುಕೊಂಡೆ. ಆದರೆ ಸಂಕ್ರಾಂತಿಗೆ ಮೊದಲೇ ಮೈಸೂರಿನಿಂದ ತಂತಿ ಬಂತು. ಕಾಗದಕ್ಕೆ ಬರ, ಸಿಕ್ಕಷ್ಟು ಕಾಗದದಲ್ಲಿ ಈಗಲೇ ಅಚ್ಚು ಶುರು ಮಾಡಬೇಕು, ಕೂಡಲೇ ಹೊರಡಿ ಎಂದು. ಹೊರಡುವ ದಿನ ಬೆಳಿಗ್ಗೆ ಅವರು ಚೀಟಿಯ ಕಟ್ಟುಗಳನ್ನು ಟ್ರಂಕಿಗೆ ತುಂಬುತ್ತಿದ್ದರು. ನಾನು ಬಾಗಿಲಲ್ಲಿ ನಿಂತೆ.

"ಏನೋ ಹೇಳಬೇಕು ಅಂತಿದ್ದೀರಿ" ಎಂದರು.

"ಇಲ್ಲ. ಮತ್ತೆ ಯಾವಾಗ ಬರ್ತೀರಿ?"

"ನಾನೂ ಅದನ್ನೇ ಯೋಚಿಸುತ್ತಿದ್ದೆ. ಇನ್ನು ಕೆಲಸ ಖಾಯಂ ಆದ ಮೇಲೆ ಬರುತ್ತೇನೆ. ಪದ ಕೇಳಲು ಅಲ್ಲ." ಅಷ್ಟು ಹೇಳಿ ಕಿವಿಯವರೆಗೆ ಕೆಂಪಾಗಿ ಟ್ರಂಕಿನ ಒಳಗೆ ಮುಖ ಇಟ್ಟರು.

ಅಂಥ ಮಾತು ಕೇಳಿದ ಮೇಲೆ ಒಸಗೆಯ ಸುದ್ದಿ ಎತ್ತಲು ಯಾವ ಹುಡುಗಿಗೆ ಬಾಯಿ ಬರುತ್ತದೆ? ಅಂಚೆಯಲ್ಲಿ ಬರೆಯೋಣವೆಂದರೆ ನಮ್ಮ ಮನೆಯ ಕಾಗದಗಳನ್ನೆಲ್ಲ, ಬಂದದ್ದನ್ನೂ ಹೋಗುವುದನ್ನೂ, ಮಾವ ಜಗಲಿಯಲ್ಲಿ ಕೂತು ದೊಡ್ಡ ದನಿಯಲ್ಲಿ ಓದುತ್ತಿದ್ದರು. ಮೇಷ್ಟ್ರ ಅಭ್ಯಾಸ, ಕಾಗುಣಿತ ತಿದ್ದದೆ ಕಾಗದ ಹೊರಗೆ ಬಿಡುತ್ತಿರಲಿಲ್ಲ.

ಮಾಘ ಮುಗಿಯುವ ಹೊತ್ತಿಗೆ ಮೈಸೂರಿನಿಂದ ಒಂದು ಕಟ್ಟು ಬಂತು. ಅಚ್ಚಾದ ಫಾರಂಗಳು, ಅಂದರೆ ಇನ್ನೂ ಹೊಲಿಯದ ಪುಟಗಳು. ಜೊತೆಗೆ ಆಹ್ವಾನ: ಬರುವ ಭಾನುವಾರ ಶೃಂಗೇರಿಯ ಛತ್ರವೊಂದರಲ್ಲಿ ಸಭೆ, ಪ್ರಧಾನ ಸಂಪಾದಕರೇ ಬರುತ್ತಾರೆ, ಮಲೆನಾಡಿನ ತಿಳಿದವರ ಮುಂದೆ ಫಾರಂಗಳನ್ನು ಓದಲಾಗುತ್ತದೆ, ಮೇಷ್ಟ್ರು ತಪ್ಪದೆ ಬರಬೇಕು. ಮಾವ ಉತ್ಸಾಹದಿಂದ ಅಕಾರದಿಂದ ಓದುತ್ತಾ ಹೋದರು. 'ಒ' ಬಂತು. ಒಕ್ಕಲು, ಒಗ್ಗರಣೆ ಮಾತು... ಇದ್ದಕ್ಕಿದ್ದಂತೆ ನಿಲ್ಲಿಸಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಉಳಿದದ್ದು ನಾಳೆ ಓದನ" ಎಂದು ಎದ್ದು ಹೋದರು.

ನಾನು ಫಾರಂ ಎತ್ತಿಕೊಂಡು ನೋಡಿದೆ. 'ಒಸಗೆ'ಗೆ ಇಡೀ ಒಂದು ಕಾಲಂ. ಹೊಸ ಅಕ್ಕಿಯ ಊಟ, ಹಾಡು ಸಹಿತ, ಮನೆಗಳ ನಡುವೆ ಬಾಂಧವ್ಯ ಬೆಸೆಯುವ ಕೂಡು ಭೋಜನ, ಇದರಿಂದ ಮಲೆನಾಡಿನ ಕೃಷಿಕ ಸಮಾಜದ ರಚನೆಯ ಬಗ್ಗೆ ತಿಳಿಯುವುದೇನೆಂದರೆ... ನನ್ನ ಮೂರು ಪದದ ಸುಳ್ಳಿನ ಮೇಲೆ ಅವರು ಮೂರು ಅಂತಸ್ತಿನ ಮನೆ ಕಟ್ಟಿದ್ದರು.

ಅತ್ತೆಯ ಹತ್ತಿರ ಎಲ್ಲ ಹೇಳಿಕೊಂಡೆ. ಅತ್ತೆ ಮೊದಲು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ನಗು ನಿಂತಿತು. "ಪಾಪ, ಆ ಹುಡುಗನ ಕೆಲಸ ಹೋಗ್ತದಲ್ಲೇ. ಮಾತು ಆಡಿದರೆ ಹೋಯ್ತು ಅಂತ ದೊಡ್ಡೋರು ಸುಮ್ನೆ ಹೇಳಿದ್ದಲ್ಲ."

"ನಾನೂ ಶೃಂಗೇರಿಗೆ ಬರ್ತೇನೆ. ಸಭೆಗೆ ಮೊದಲೇ ಅವರಿಗೆ ಹೇಳ್ತೇನೆ."

ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದ ಮಾವ ನಿಧಾನವಾಗಿ ಹೇಳಿದರು. "ಮುಂದಿನ ವಾರ ಬಾಳೆಹೊನ್ನೂರಿನವರು ನಿನ್ನ ನೋಡೋಕೆ ಬರ್ತಾರೆ ಅಂತ ನಿಮ್ಮಪ್ಪ ಬರೆದಿದಾನೆ. ಎಂತ ಮಾಡಿದ್ರೂ ಅದು ನೆನಪಿಟ್ಕೊಂಡು ಮಾಡು ಮಗಾ." ಬೇಡ ಅನ್ನಲಿಲ್ಲ. ನನ್ನ ಮಾವ ಅಂಥವರು.

ಭಾನುವಾರ ಬಸ್ಸು ದಾರಿಯಲ್ಲಿ ಎರಡು ಸಲ ಕೆಟ್ಟು ನಿಂತಿತು. ನಾವು ಛತ್ರ ತಲುಪುವಾಗ ಸಭೆಗೆ ಜಮಖಾನ ಹಾಸಿ ಆಗಿತ್ತು. ಎಂ.ಎ. ಪಡಸಾಲೆಯಲ್ಲಿ ಕಟ್ಟುಗಳನ್ನು ಬಿಚ್ಚುತ್ತಿದ್ದರು. ನನ್ನನ್ನು ಕಂಡು ಮುಖ ಅರಳಿತು.

"ಬಂದಿರಾ! ನಿಮ್ಮ ಒಸಗೆಗೆ ಒಂದು ಪೂರ್ತಿ ಕಾಲಂ ಕೊಟ್ಟಿದ್ದೇನೆ, ನೋಡಿದಿರಾ?"

"ಅದು ಸುಳ್ಳು" ಎಂದೆ. "ನಾನು ಹೇಳಿದ್ದು ಸುಳ್ಳು. ಒಸಗೆ ಅಂದರೆ ಹೊಸ ಅಕ್ಕಿ ಊಟ ಅಲ್ಲ. ಅವತ್ತು ನಾಚಿಕೆಯಾಗಿ ಬಾಯಿಗೆ ಬಂದದ್ದು ಅಂದುಬಿಟ್ಟೆ."

ಅವರ ಕೈಯಲ್ಲಿದ್ದ ದಾರ ಅಲ್ಲೇ ನಿಂತಿತು. ಕೋಪ ಬಂದರೆ ತಡೆದುಕೊಳ್ಳೋಣ ಎಂದು ನಾನು ಕಾದೆ. ಅವರು ಕೇಳಿದ್ದು ಒಂದೇ, "ಇದನ್ನು ಹೇಳಲು ಇಷ್ಟು ದೂರ ಬಂದಿರಾ?" ಅಷ್ಟರಲ್ಲಿ ಒಳಗಿನಿಂದ, "ಕಲ್ಲೇಶಪ್ಪನವರೇ!" ಎಂದು ಕೂಗಿದರು. ಅವರು ಹೋದರು.

ಹೆಂಗಸರಿಗೆ ಸಭೆಯಲ್ಲಿ ಜಾಗವಿರಲಿಲ್ಲ. ನಾನು ಪಕ್ಕದ ಕೋಣೆಯ ಬಾಗಿಲ ಹತ್ತಿರ ಕೂತೆ. ಅಲ್ಲಿ ಹತ್ತಿರದ ಮೆಣಸೆ ಊರಿನಿಂದ ಅಡಿಗೆ ಸಹಾಯಕ್ಕೆ ಬಂದ ಭೈರಮ್ಮ ಎನ್ನುವ ಹೆಂಗಸು ಮೊರದಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಕೈ ಸುಮ್ಮನಿರಲಾರದೆ ನಾನೂ ಸುಲಿಯತೊಡಗಿದೆ.

ಪ್ರಧಾನ ಸಂಪಾದಕರು ಬಿಳಿ ರುಮಾಲು ಸುತ್ತಿದ ಹಿರಿಯರು, ಮಾತು ಕಡಿಮೆ. ಒಂದೊಂದೇ ಪದ ಓದಿಸುತ್ತಿದ್ದರು. ಒಸಗೆ ಬಂದಾಗ ಒಬ್ಬ ಹಿರಿಯರು ಗಂಟಲು ಸರಿಮಾಡಿಕೊಂಡರು.

"ಸ್ವಾಮಿ, ಹೊಸ ಅಕ್ಕಿ ಊಟಕ್ಕೆ ನಮ್ಮ ಕಡೆ ಹೊಸ್ತು ಅಂತಾರೆ. ಒಸಗೆ ಬೇರೆ."

"ಹಳೆಯ ಕಾವ್ಯದಲ್ಲಿ ಒಸಗೆ ಅಂದರೆ ಸಂತೋಷ. ಇಲ್ಲಿ ಏನು?" ಎಂದರು ಸಂಪಾದಕರು.

"ಬೇರೆ ಅಷ್ಟೆ" ಎಂದು ಹಿರಿಯರು ಜಂತಿ ನೋಡಿದರು. ಸಭೆಯೇ ಜಂತಿ ನೋಡಿತು.

ಸಂಪಾದಕರು ಎಂ.ಎ. ಕಡೆ ತಿರುಗಿದರು. "ಈ ಪದದ ಚೀಟಿ ತೆಗೆಯಿರಿ. ಹೇಳಿದವರು ಯಾರು ನೋಡೋಣ."

"ಚೀಟಿ ಇಲ್ಲ ಸಾರ್."

"ಇಲ್ಲ ಎಂದರೆ?"

"ತಪ್ಪು ನನ್ನದು. ಬೇರೆ ಯಾರದ್ದೂ ಇಲ್ಲ."

ಸಂಪಾದಕರು ದನಿ ಏರಿಸಲಿಲ್ಲ. "ಕೇಳಿ ತಪ್ಪು ಬರೆದರೆ ತಿದ್ದಬಹುದು. ಯಾರನ್ನೂ ಕೇಳದೆ ತಾನೇ ಕಟ್ಟಿ ಬರೆದರೆ ಅವನು ಈ ಕೆಲಸಕ್ಕೆ ಆಗುವವನಲ್ಲ. ಹಾಗಿದ್ದರೆ ಉಳಿದ ಆರು ಸಾವಿರ ಚೀಟಿಯನ್ನು ನಾನು ಹೇಗೆ ನಂಬಲಿ? ಇನ್ನೊಮ್ಮೆ ಕೇಳುತ್ತೇನೆ. ಇದನ್ನು ನಿಮಗೆ ಯಾರಾದರೂ ಹೇಳಿದರೋ, ಇಲ್ಲವೋ?"

ಎಂ.ಎ. ಬಾಯಿ ಬಿಡಲಿಲ್ಲ. ಅಷ್ಟು ವರ್ಷದ ಓದು, ಊರೂರು ಸುತ್ತಿದ ಕಾಲು, ಮುಂದಿನ ಕೆಲಸ, ಎಲ್ಲ ಒಂದು ಹೆಸರು ಹೇಳಿದರೆ ಉಳಿಯುತ್ತಿತ್ತು. ಹೇಳಿದರೆ ನಾಳೆ ಮೂರು ತಾಲ್ಲೂಕಿನಲ್ಲಿ ಆ ಹೆಸರು ನಗೆಪಾಟಲು. ಅವರು ನೆಲ ನೋಡಿಕೊಂಡು ನಿಂತಿದ್ದರು, ಸಂಪಾದಕರು ಪೆನ್ನಿನ ಮುಚ್ಚಳ ತೆಗೆದು ಏನೋ ಬರೆಯಲು ಹೊರಟರು.

ನನಗೆ ಬಾಳೆಹೊನ್ನೂರಿನವರು ನೆನಪಾದರು, ಅಪ್ಪ ನೆನಪಾದರು. ಆದರೂ ಎದ್ದು ಬಾಗಿಲು ದಾಟಿದೆ. ಮಡಿಲಿನಿಂದ ಅವರೆಕಾಳು ಜಮಖಾನದ ಮೇಲೆಲ್ಲ ಚೆಲ್ಲಿತು.

"ಹೇಳಿದವಳು ನಾನು" ಎಂದೆ. "ಹೆಸರು ನೀಲಾಂಬಿಕೆ. ಊರು ನರಸಿಂಹರಾಜಪುರ, ಈಗ ಕೊಪ್ಪದಲ್ಲಿ ಟೀಚರು. ಸುಳ್ಳು ಹೇಳಿದ್ದೆ. ನಿಜ ಈಗ ಹೇಳ್ತೇನೆ, ಬರ್ಕೊಳ್ಳಿ."

ಯಾರೋ "ಶಿವ ಶಿವಾ" ಅಂದರು. ಮಾವ ಮಾತ್ರ ನನ್ನ ಕಡೆ ನೆಟ್ಟಗೆ ನೋಡುತ್ತಿದ್ದರು. ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುವ ದನಿಯಲ್ಲಿ ನಾನು ಹೇಳಿದೆ: ಹುಡುಗಿ ದೊಡ್ಡವಳಾದಾಗ ಮಾಡುವ ಶಾಸ್ತ್ರಕ್ಕೆ ಒಸಗೆ ಅಂತಾರೆ. ಅವಳನ್ನು ಬೇರೆ ಕೂರಿಸ್ತಾರೆ. ಅಕ್ಕಪಕ್ಕದ ಮನೆಯವರು ಕೊಬ್ಬರಿ ಬೆಲ್ಲ ತರ್ತಾರೆ, ಎಳ್ಳು ಕುಟ್ಟಿ ಚಿಗಳಿ ಮಾಡಿ ತಿನ್ನಿಸ್ತಾರೆ. ನೀರು ಹಾಕಿದ ದಿನ ಆರತಿ. ದಿನಾ ಸಂಜೆ ಹಾಡು. ಗಂಡಸರು ಅಲ್ಲಿ ಬರೋದಿಲ್ಲ, ಆ ಪದ ಆಡೋದೂ ಇಲ್ಲ. ಗಂಡಸರ ಮುಂದೆ ಹೆಂಗಸರೂ ಆಡೋದಿಲ್ಲ. ಅದಕ್ಕೇ ಇವರಿಗೆ ಯಾರೂ ಹೇಳಲಿಲ್ಲ, ಇವತ್ತು ನಿಮಗೂ ಯಾರೂ ಹೇಳಲಿಲ್ಲ.

ಕೊನೆಯ ಮಾತು ಸ್ವಲ್ಪ ಖಾರವಾಯಿತು. ಇರಲಿ, ಅವತ್ತು ಆ ಜಂತಿ ನೋಡುವವರ ಮೇಲೆ ನನಗೆ ನಿಜವಾಗಿಯೂ ಸಿಟ್ಟಿತ್ತು.

ಸಂಪಾದಕರು ಎದುರಿನ ಫಾರಂ ಪಕ್ಕಕ್ಕೆ ಸರಿಸಿ ಖಾಲಿ ಚೀಟಿ ತೆಗೆದುಕೊಂಡರು. "ಇನ್ನೊಮ್ಮೆ ಹೇಳಮ್ಮ, ನಿಧಾನವಾಗಿ. ಎಳ್ಳು ಕುಟ್ಟಿ ಮಾಡುವುದಕ್ಕೆ ಏನೆಂದೆ?"

"ಚಿಗಳಿ."

ಬಾಗಿಲ ಹತ್ತಿರದಿಂದ ಭೈರಮ್ಮ ಮೊರ ಹಿಡಿದುಕೊಂಡೇ ಕೂಗಿದಳು. "ಮೆಣಸೆ ಕಡೆನೂ ಹಂಗೇಯ ಸ್ವಾಮಿ. ಹುಡ್ಗಿ ಹೇಳಿದ್ದು ಸಮ ಇದೆ!"

ಸಂಪಾದಕರು ಅವಳ ಹೆಸರೂ ಬರೆದುಕೊಂಡರು.

ಕಾಗದವಿಲ್ಲದ ಕಾಲ, ಅಚ್ಚಾದ ಫಾರಂ ಎಸೆಯುವಂತಿರಲಿಲ್ಲ. ಸಂಪುಟದ ಕೊನೆಗೆ ತಿದ್ದುಪಡಿ ಹಾಕುವುದೆಂದು ಆಯಿತು. ಉಪಸಂಪಾದಕನ ಕೆಲಸ ಉಳಿಯಿತು. ಅಧ್ಯಾಪಕರ ಹುದ್ದೆಗೆ ಮಾತ್ರ ಸಂಪಾದಕರು ಈ ವರ್ಷ ಶಿಫಾರಸು ಮಾಡುವುದಿಲ್ಲ ಎಂದರು. "ನಿಮ್ಮ ಪ್ರಾಮಾಣಿಕತೆಯ ಬಗ್ಗೆ ನನಗೆ ಸಂದೇಹವಿಲ್ಲ, ಎಚ್ಚರದ ಬಗ್ಗೆ ಇದೆ" ಎಂದರಂತೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅವರು ಅಧ್ಯಾಪಕರಾದದ್ದು ಮತ್ತೆ ಮೂರು ವರ್ಷದ ಮೇಲೆ. ಅಷ್ಟರಲ್ಲಿ ಇನ್ನೆರಡು ಸಂಪುಟ ಮುಗಿದಿದ್ದವು, ಹೆಂಗಸರ ಪದಗಳನ್ನೆಲ್ಲ ನಾನೇ ಕೂಡಿಸುತ್ತಿದ್ದೆ.

ಅವತ್ತು ಊಟವಾದ ಮೇಲೆ ಮಾವ, "ನಾನು ನಾಕು ಜನರ ಹತ್ರ ಮಾತಾಡಿ ಬರ್ತೇನೆ, ನೀನು ಹೊಳೆ ಕಡೆ ಇರು" ಎಂದು ಹೋದರು. ಮಾವನಿಗೆ ಶೃಂಗೇರಿಯಲ್ಲಿ ಮಾತಾಡಿಸುವಂಥ ನಾಲ್ಕು ಜನ ಯಾರೂ ಇರಲಿಲ್ಲ.

ತುಂಗೆಯ ಮೆಟ್ಟಿಲ ಮೇಲೆ ಬಿಸಿಲು ಇಳಿದಿತ್ತು. ಜನ ಪುರಿ ಎಸೆಯುತ್ತಿದ್ದರು, ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿದ್ದವು. ಎಂ.ಎ. ನನಗಿಂತ ಎರಡು ಮೆಟ್ಟಿಲು ಕೆಳಗೆ ಕೂತರು.

"ಯಾಕೆ ಎದ್ದು ನಿಂತಿರಿ? ನಾನು ಸುಮ್ಮನಿದ್ದದ್ದೇ ನಿಮಗೋಸ್ಕರ."

"ನನಗೋಸ್ಕರ ಅಂತ ಗೊತ್ತಾದ ಮೇಲೂ ಅವರೆಕಾಯಿ ಸುಲೀತಾ ಕೂರಬೇಕಿತ್ತಾ?"

ಅವರು ನಗಲಿಲ್ಲ. ನಾನು ಕೇಳಲೇಬೇಕಾದ್ದನ್ನು ಕೇಳಿದೆ. "ನಮ್ಮ ಮಾವ ಹೇಳಿದ್ದಕ್ಕೂ ಎರಡನೇ ಬಾಯಿ ಹುಡುಕಿದೋರು ನೀವು. ನಾನು ಹೇಳಿದ್ದನ್ನು ಯಾಕೆ ಮತ್ತೊಬ್ಬರ ಹತ್ರ ಕೇಳಲಿಲ್ಲ?"

ಅವರು ನೀರು ನೋಡುತ್ತಾ ಹೇಳಿದರು. "ಕೇಳಬೇಕಿತ್ತು. ಆರು ಸಾವಿರದಲ್ಲಿ ಒಂದೇ ಬಾಯಿಯ ಚೀಟಿ ಅದೊಂದೇ. ಅವತ್ತು ಹೇಳುವಾಗ ನಿಮ್ಮ ಮುಖ ಕೆಂಪಾಯಿತು. ನನ್ನನ್ನು ನೋಡಿ ಹಾಗಾಯಿತು ಅಂದುಕೊಂಡೆ. ಆಮೇಲೆ ನನ್ನ ತಲೆ ನನ್ನ ಹತ್ತಿರ ಇರಲಿಲ್ಲ. ಆ ಚೀಟಿ ಕೈಗೆ ಬಂದಾಗೆಲ್ಲ ನಿಮ್ಮ ಮುಖವೇ ಕಾಣುತ್ತಿತ್ತು. ಇನ್ನೊಬ್ಬರನ್ನು ಕೇಳಬೇಕು ಅಂತ ಅನ್ನಿಸಲೇ ಇಲ್ಲ."

ಇಷ್ಟು ವರ್ಷವಾದರೂ ಆ ಮಾತನ್ನು ನೆನೆದರೆ ನನಗೆ ಕಣ್ಣು ತುಂಬುತ್ತದೆ. ಆಗ ಮಾತ್ರ ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತಾ ಕೂತಿದ್ದೆ.

"ನೀವು ಅಂದುಕೊಂಡಿದ್ದು ಪೂರ್ತಿ ತಪ್ಪಲ್ಲ" ಎಂದೆ.

ಅವರು ತಿರುಗಿ ನೋಡಿದರು. ಕಿಟಕಿ ಇಲ್ಲ, ಸಲಾಕೆ ಇಲ್ಲ, ಕೈಯಲ್ಲಿ ಪೆನ್ನೂ ಇಲ್ಲ. ಆ ನೋಟವನ್ನು ತಪ್ಪಿಸಿಕೊಂಡು ಹೋಗಲು ನನಗೆ ಮನಸ್ಸೇ ಬರಲಿಲ್ಲ.

"ಕೆಲಸ ಖಾಯಂ ಆದ ಮೇಲೆ ಬರುತ್ತೇನೆ ಅಂದಿದ್ದೆ" ಎಂದರು. "ಈಗ ಯಾವ ಮುಖ ಇಟ್ಟುಕೊಂಡು ನಿಮ್ಮ ತಂದೆಯವರನ್ನು ಕೇಳಲಿ?"

"ಇದೇ ಮುಖ. ನಾಳೆ ನಾವು ನರಸಿಂಹರಾಜಪುರಕ್ಕೆ ಹೋಗ್ತೇವೆ, ನೀವೂ ಬನ್ನಿ. ಅಪ್ಪ ಬೈತಾರೆ. ಬೈದ ಮೇಲೆ ಊಟ ಹಾಕಿಸ್ತಾರೆ. ಇನ್ನು ಬಾಳೆಹೊನ್ನೂರಿನವರು ಇವತ್ತಿನ ಸುದ್ದಿ ಕೇಳಿದ ಮೇಲೆ ನಮ್ಮ ಬೀದಿಗೇ ಬರೋದಿಲ್ಲ. ಅವರದ್ದು ಯೋಚನೆ ಬೇಡ."

"ಅಂದರೆ... ನೀವು ಒಪ್ಪಿದ್ದೀರಿ ಅಂತ ನಾನು ತಿಳಿದುಕೊಳ್ಳಬಹುದಾ? ಈ ಸಲ ಸರಿಯಾಗಿ ಕೇಳಿಕೊಂಡೇ ಬರೆಯಬೇಕು. ಸ್ಪಷ್ಟವಾಗಿ ಹೇಳಿ."

ಎಂ.ಎ. ಓದಿದವರಿಗೆ ಎಲ್ಲವನ್ನೂ ಬಿಡಿಸಿ ಹೇಳಬೇಕು. ಆದರೆ ಸಭೆಯಲ್ಲಿ ಅಷ್ಟು ಮಾತಾಡಿ ಬಂದವಳಿಗೆ ಬರೀ 'ಹೂಂ' ಸಾಲದು ಅನ್ನಿಸಿತು. ಆ ಸಭೆಯಲ್ಲಿ ಇವರು ನನ್ನ ಹೆಸರನ್ನು ಬಾಯಲ್ಲೇ ಇಟ್ಟುಕೊಂಡು ನಿಂತದ್ದು ಕಣ್ಣ ಮುಂದೆ ಬಂತು. ಆಗ ಏನು ಹೇಳಬೇಕೆಂದು ತಿಳಿಯಿತು.

"ನಮ್ಮ ಕಡೆ ಮದುವೆಯಾದ ಮೇಲೆ ಹೆಂಡತಿ ಗಂಡನ ಹೆಸರು ಹೇಳೋ ಹಾಗಿಲ್ಲ. ನಿಮಗೆ ಗೊತ್ತಲ್ವಾ?"

"ಗೊತ್ತು. ಎರಡು ಊರಲ್ಲಿ ಕೇಳಿ ಬರೆದಿದ್ದೇನೆ."

"ಹಂಗಾದ್ರೆ ಈಗಲೇ ಹೇಳಿಬಿಡ್ತೇನೆ. ಆಮೇಲೆ ಜನ್ಮಪೂರ್ತಿ ಆಗೋದಿಲ್ಲ."

ಎದ್ದು ಎರಡು ಮೆಟ್ಟಿಲು ಇಳಿದು ಅವರ ಪಕ್ಕ ಕೂತೆ. ಆ ಕಡೆ ಈ ಕಡೆ ಜನ ಇದ್ದರು, ಇರಲಿ ಎಂದುಕೊಂಡೆ.

"ಕಲ್ಲೇಶಪ್ಪ" ಎಂದೆ. ಅವರು ಕಣ್ಣು ಮುಚ್ಚಿಕೊಂಡರು. "ಕಲ್ಲೇಶಪ್ಪ. ಕಲ್ಲೇಶಪ್ಪ."